ಹೆಬ್ಬಾಳ ದಾಟಿದ ಮೇಲಿನ ಚಳಿ

ಯಲಹಂಕ
ಜನವರಿ ಮೊದಲ ವಾರ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಸೋಮವಾರ ಬಂತು. ನನ್ನ ಬರಹದ ಬಗ್ಗೆ ಎರಡು ಪುಟ ತುಂಬ ಒಳ್ಳೆಯ ಮಾತು ಬರೆದಿದ್ದೀಯ. ಓದಿ ಮಡಿಸಿಟ್ಟ ಮೇಲೂ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಮೂರು ಸಾಲು. "ಅಕ್ಕಾ, ಬೆಳಗಿನ ಜಾವ ನಾಲ್ಕಕ್ಕೆ ಆರ್.ಟಿ. ನಗರದಿಂದ ಬೈಕ್ ತಗೊಂಡು ಏರ್‌ಪೋರ್ಟ್ ಡ್ಯೂಟಿಗೆ ಹೊರಡ್ತೀನಿ. ಹೆಬ್ಬಾಳದವರೆಗೆ ಏನೂ ಇಲ್ಲ. ಯಲಹಂಕ ಬರೋಷ್ಟ್ರಲ್ಲಿ ಬೆರಳು ನನ್ನವಲ್ಲ ಅನ್ಸತ್ತೆ." ಅದರ ಪಕ್ಕದಲ್ಲೇ, ಹೇಳಬಾರದ್ದನ್ನು ಹೇಳಿದವನ ಹಾಗೆ, "ಬೆಂಗಳೂರಲ್ಲಿ ಎಂಥ ಚಳಿ ಅಂತ ಎಲ್ಲರೂ ನಗ್ತಾರೆ" ಅಂತಲೂ ಸೇರಿಸಿದ್ದೀಯ.

ನಗುವವರು ನಗಲಿ, ನೀನು ಸಂಕೋಚಪಡಬೇಡ. ಅವರು ಬಲ್ಲ ಚಳಿ ಬಾಗಿಲಲ್ಲಿ ನಿಂತು ನೋಡಿದ ಚಳಿ. ನೀನು ಅದರೊಳಗೆ ನುಗ್ಗಿ ಹೋಗುವವನು. ಇವೆರಡೂ ಒಂದೇ ಅಲ್ಲ. ಅವರ ಮಾತು ಕೇಳಿ ತೆಳು ಅಂಗಿಯಲ್ಲಿ ಹೊರಟುಬಿಡುತ್ತೀಯಲ್ಲ, ನನಗೆ ಭಯ ಅದು.

ನಮ್ಮೂರಿನ ಚಳಿ ಅಂಕಿಯಲ್ಲಿ ದೊಡ್ಡದಲ್ಲ ಅನ್ನುವುದು ನಿಜವೇ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು, ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶ 15–16 ಡಿಗ್ರಿ. ನಗರದ ದಾಖಲೆಯಲ್ಲಿ ಅತಿ ಕಡಿಮೆ ಅಂದರೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಜರ್ಮನಿಯಲ್ಲಿ ಡೈಮ್ಲರ್ ಮತ್ತು ಮೇಬಾಕ್ ಸೇರಿ ಪೆಟ್ರೋಲಿನಿಂದ ಓಡುವ ಮೊದಲ ಎರಡು ಚಕ್ರದ ಗಾಡಿ ಮಾಡಿದ್ದು 1885ರಲ್ಲಿ. ಹಾಗಾಗಿ ಆ ಬೆಳಗಿನ ಚಳಿಯಲ್ಲಿ ಪೆಟ್ರೋಲ್ ಬೈಕ್ ಓಡಿಸಿದವರು ಈ ಊರಲ್ಲಷ್ಟೇ ಅಲ್ಲ, ಲೋಕದಲ್ಲೇ ಇಲ್ಲ. ಆದರೆ ನಿನ್ನ ಬೆರಳು ಮರಗಟ್ಟುವುದಕ್ಕೆ ಅಷ್ಟು ಚಳಿ ಬೇಕಾಗಿಯೂ ಇಲ್ಲ. ಅದನ್ನು ನಾನು ಕಲಿತದ್ದು ಬಿದ್ದು.

1997ರ ಜನವರಿ. ಆಗ ನಾನು ಯಲಹಂಕದಿಂದ ಆರ್.ಟಿ. ನಗರದ ಒಂದು ಶಾಲೆಗೆ ಪಾಠ ಮಾಡಲು ಮೊಪೆಡ್‌ನಲ್ಲಿ ಹೋಗುತ್ತಿದ್ದೆ. ಅಂದರೆ ನಿನ್ನ ದಾರಿಯನ್ನೇ ತಿರುಗಿಸಿ. ಬಳ್ಳಾರಿ ರಸ್ತೆ ಆಗ ಇಷ್ಟು ಅಗಲವಿರಲಿಲ್ಲ, ಎರಡೂ ಕಡೆ ಮರ, ಮರದ ಕೆಳಗೆ ಕಾವಳ. ಸೀರೆ, ಅದರ ಮೇಲೆ ಕೈಹೆಣಿಗೆಯ ಸ್ವೆಟರ್, ಕೈಗೆ ಏನೂ ಇಲ್ಲ. ಬ್ಯಾಟರಾಯನಪುರದ ಹತ್ತಿರ ಮುಂದಿನ ಲಾರಿ ನಿಂತಿತು. ನಾನದನ್ನು ನೋಡಿದೆ. ಬ್ರೇಕ್ ಹಿಡಿಯಬೇಕು ಅಂತ ಗೊತ್ತಾಯಿತು. ಹಿಡಿ ಅಂತ ಕೈಗೆ ಹೇಳಿದೆ. ಕೈ ಹಿಡಿಯಲಿಲ್ಲ. ಹಿಡಿದಾಗ ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಅನ್ನುವ ಅರಿವೇ ಇಲ್ಲದೆ ಪೂರ್ತಿ ಹಿಂಡಿಬಿಟ್ಟೆ. ಚಕ್ರ ಕಟ್ಟಿಕೊಂಡು ಗಾಡಿ ಜಾರಿತು.

ಮೊಣಕೈಯ ಚರ್ಮ ಕಿತ್ತುಹೋಗಿತ್ತು, ಅಷ್ಟೇ. ಹಿಂದೆ ಬರುತ್ತಿದ್ದ ಹಾಲಿನವರೊಬ್ಬರು ಕ್ಯಾನು ಕಟ್ಟಿದ ಗಾಡಿ ನಿಲ್ಲಿಸಿ ನನ್ನನ್ನು ಎಬ್ಬಿಸಿದರು. ಗಾಯ ನೋಡುವ ಮೊದಲು ಅವರು ನನ್ನ ಕೈ ನೋಡಿದರು. "ಅಮ್ಮಾ, ಕಂಕುಳಲ್ಲಿ ಕೈ ಇಟ್ಕೊಳ್ಳಿ. ಉಜ್ಬೇಡಿ, ಸುಮ್ನೆ ಇಟ್ಕೊಂಡು ನಿಂತ್ಕೊಳ್ಳಿ" ಅಂದರು. ಐದು ನಿಮಿಷ ಹಾಗೇ ನಿಂತೆ. ಮೊದಲು ಚುಚ್ಚಿತು, ಆಮೇಲೆ ಉರಿಯಿತು, ಆಮೇಲೆ ಬೆರಳು ಒಂದೊಂದಾಗಿ ನನ್ನ ಹತ್ತಿರ ವಾಪಸು ಬಂದವು. ಅವರ ಅಂಗಿಯ ಗುಂಡಿ ಸಂದಿಯಲ್ಲಿ ಸಿಮೆಂಟ್ ಚೀಲದ ಕಾಗದ ಕಾಣುತ್ತಿತ್ತು. ಎದೆಗೆ ಅಡ್ಡಲಾಗಿ ಅದನ್ನು ಇಟ್ಟುಕೊಂಡಿದ್ದರು.

ತಮ್ಮಾ, ಚಳಿಯಲ್ಲಿ ಗಾಡಿ ಓಡಿಸುವವನು ತಿಳಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಆ ಹಾಲಿನವರ ಬಳಿ ಇತ್ತು. ಬೆರಳಿಗೆ ಬೇಕಾದ ಬಿಸಿ ಬೆರಳಲ್ಲಿ ಹುಟ್ಟುವುದಿಲ್ಲ. ಅದು ಒಡಲಿಂದ ರಕ್ತದ ಜೊತೆ ಬರಬೇಕು. ದೇಹಕ್ಕೆ ತನ್ನ ಒಳಗಿನ 37 ಡಿಗ್ರಿ ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಎದೆ, ಕುತ್ತಿಗೆ ತಣ್ಣಗಾಗುತ್ತಿವೆ ಅಂತ ಗೊತ್ತಾದ ಕೂಡಲೇ ಅದು ಕೈಕಾಲಿನ ಸಣ್ಣ ರಕ್ತನಾಳಗಳನ್ನು ಕಿರಿದು ಮಾಡಿ, ಇದ್ದ ಬಿಸಿಯನ್ನು ಹೃದಯ, ಮಿದುಳು, ಕರುಳಿನ ಸುತ್ತ ಉಳಿಸಿಕೊಳ್ಳುತ್ತದೆ. ಬರಗಾಲದಲ್ಲಿ ಮನೆಯ ಹಿರಿಯಳು ಕಣಜದ ಬಾಗಿಲು ಕಿರಿದು ಮಾಡಿದ ಹಾಗೆ. ಅದಕ್ಕೇ, ಎದೆಗೆ ಗಾಳಿ ಹೊಡೆಯಲು ಬಿಟ್ಟು ಕೈಗೆ ಎಷ್ಟು ದಪ್ಪದ ಗ್ಲೌಸ್ ಹಾಕಿದರೂ ಬೆರಳು ತಣ್ಣಗೇ ಇರುತ್ತದೆ. ಗ್ಲೌಸ್ ಬಿಸಿ ಹುಟ್ಟಿಸುವುದಿಲ್ಲ, ಬಂದದ್ದನ್ನು ಹಿಡಿದಿಡುತ್ತದೆ. ಬರದೇ ಹೋದರೆ ಹಿಡಿಯುವುದೇನನ್ನು?

ಬೆರಳಿನ ಚರ್ಮ ಸುಮಾರು 15 ಡಿಗ್ರಿಗೆ ಇಳಿದರೆ ಗುಂಡಿ ಹಾಕುವುದು, ಕೀಲಿ ತಿರುಗಿಸುವುದು, ಬ್ರೇಕನ್ನು ಅಳತೆ ಮಾಡಿ ಅದುಮುವುದು, ಇಂಥ ನಯದ ಕೆಲಸಗಳೆಲ್ಲ ಕಷ್ಟವಾಗುತ್ತವೆ. ನೀನು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತೀಯ. ಮರಗಟ್ಟಿದ ಬೆರಳು ಅರ್ಧ ಸೆಕೆಂಡು ತಡ ಮಾಡಿತು ಅಂದುಕೋ, ಎಂಟು ಮೀಟರ್ ಹೋಯಿತು. ಒಂದು ಲಾರಿಯ ಉದ್ದ. ನನ್ನ ಪಾಲಿಗೆ ಚಳಿ ಬರೀ ಕಷ್ಟದ ಮಾತಾಗಿ ಉಳಿಯದೆ ಜೀವದ ಮಾತಾದದ್ದು ಇದೇ ಕಾರಣಕ್ಕೆ.

ಸಿಮೆಂಟ್ ಚೀಲದ ಕಾಗದ ನೋಡಿದಾಗ ಅಪ್ಪ ನೆನಪಾಗಿದ್ದರು. ನಾವು ಚಿಕ್ಕವರಿದ್ದಾಗ ಯಶವಂತಪುರದಲ್ಲಿದ್ದೆವು. ಅಪ್ಪನಿಗೆ ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆಯಲ್ಲಿ ಕೆಲಸ. 1984ರಲ್ಲಿ ಶುರುವಾದ ರೈಲ್ವೆ ಕಾರ್ಖಾನೆ ಅದು, ಈಗ ರೈಲ್ ವೀಲ್ ಫ್ಯಾಕ್ಟರಿ ಅನ್ನುತ್ತಾರೆ. ಅಪ್ಪನ ಗಾಡಿ ಯೆಜ್ಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆದದ್ದು. ಬಿ.ಇ.ಎಲ್. ಸರ್ಕಲ್, ಗಂಗಮ್ಮನ ಗುಡಿ, ಎಂ.ಎಸ್. ಪಾಳ್ಯ, ಅಟ್ಟೂರು ಹಾದು ಹೋಗುತ್ತಿದ್ದರು. ಗಂಗಮ್ಮನ ಗುಡಿ ದಾಟಿದರೆ ಆಗ ಬಯಲು, ನೀಲಗಿರಿ ತೋಪು, ನಾಯಿ, ಮಂಜು.

ಮೊದಲ ಪಾಳಿ ಇದ್ದ ದಿನ ಅಮ್ಮ ಎರಡು ಕೆಲಸ ತಪ್ಪಿಸುತ್ತಿರಲಿಲ್ಲ. ಹಂಡೆಗೆ ಉರಿ ಹಾಕಿದ ಮೇಲೆ ಬಚ್ಚಲೊಲೆಯ ಕಟ್ಟೆಯ ಮೇಲೆ ಅಪ್ಪನ ಗ್ಲೌಸ್ ಮಗುಚಿ ಇಡುವುದು. ಆಮೇಲೆ ಹಿಂದಿನ ದಿನದ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಅಪ್ಪ ಸ್ವೆಟರ್ ತೊಡುವ ಮೊದಲು ಅಂಗಿಯ ಮೇಲೆ ಎದೆಗೆ ಒತ್ತಿ ಹಿಡಿಯುವುದು. ಪೇಪರ್ ಜಾರದಂತೆ ಅಪ್ಪ ಸ್ವೆಟರನ್ನು ಅದರ ಮೇಲೆ ಎಳೆದುಕೊಳ್ಳುತ್ತಿದ್ದರು. ಅಮ್ಮನ ಕೈ ಸ್ವೆಟರಿನ ಒಳಗಿಂದ ಕೊನೆಗೆ ಹೊರಗೆ ಬರುತ್ತಿತ್ತು. ಮದುವೆಯಾಗಿ ಇಪ್ಪತ್ತು ವರ್ಷವಾದವರು ಎಲ್ಲರೆದುರು ಒಬ್ಬರನ್ನೊಬ್ಬರು ಮುಟ್ಟುತ್ತಿದ್ದ ಹೊತ್ತು ಅದೊಂದೇ ಅಂತ ಈಗ ಅನ್ನಿಸುತ್ತದೆ. ಸಂಜೆ ಅಪ್ಪ ಬಂದಾಗ ಪೇಪರಿನ ಮಸಿ ಅಂಗಿಗೆ ಹತ್ತಿರುತ್ತಿತ್ತು, ಅಕ್ಷರ ಹಿಂದುಮುಂದಾಗಿ. ನಾವು ಅದನ್ನು ಓದಲು ನೋಡುತ್ತಿದ್ದೆವು.

ಬಹಳ ವರ್ಷದ ಮೇಲೆ ತಿಳಿಯಿತು, ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯದಲ್ಲೂ ಸವಾರರು ಬೆಟ್ಟದ ತುದಿ ಮುಟ್ಟಿ ಇಳಿಯುವ ಮೊದಲು ಅಲ್ಲಿ ನಿಂತವರ ಕೈಯಿಂದ ಪೇಪರ್ ಇಸಿದುಕೊಂಡು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರಂತೆ. ಅಮ್ಮನಿಗೆ ಅದನ್ನು ಹೇಳಿದೆ. "ಅವರಿಗೂ ಮನೇಲಿ ಯಾರೋ ಹೇಳ್ಕೊಟ್ಟಿರ್ತಾರೆ" ಅಂದಳು.

ಪೇಪರ್ ಯಾಕೆ ಕೆಲಸ ಮಾಡುತ್ತದೆ ಅಂದರೆ, ನಮ್ಮನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆಯ ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ನಿಂತ ಗಾಳಿಯಷ್ಟು ಒಳ್ಳೆಯ ಹೊದಿಕೆ ಇನ್ನೊಂದು ಸಿಗುವುದು ಕಷ್ಟ. ಓಡುವ ಗಾಳಿಯಷ್ಟು ಕಳ್ಳನೂ ಇಲ್ಲ. ಸ್ವೆಟರಿನ ತುಂಬ ಸಣ್ಣ ಸಣ್ಣ ತೂತು. ಮನೆಯಲ್ಲಿ ಕೂತಾಗ ಆ ತೂತುಗಳಲ್ಲಿ ಗಾಳಿ ನಿಂತಿರುತ್ತದೆ, ಬೆಚ್ಚಗಿರುತ್ತದೆ. ಗಾಡಿ ಹತ್ತಿದ ಕೂಡಲೇ ಅದೇ ತೂತುಗಳಲ್ಲಿ ಹೊರಗಿನ ಗಾಳಿ ನುಗ್ಗಿ, ಮೈ ಕಾಯಿಸಿಟ್ಟ ಗಾಳಿಯನ್ನು ಹೊತ್ತುಕೊಂಡು ಹೋಗುತ್ತದೆ. ಅಡ್ಡ ಒಂದು ಕಾಗದವಿದ್ದರೂ ಸಾಕು, ಗಾಳಿ ಅಲ್ಲಿಗೆ ನಿಂತಿತು.

ಅಮೆರಿಕದ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು 1940ರ ದಶಕದ ಮೊದಲಲ್ಲಿ ಅಂಟಾರ್ಕ್ಟಿಕದಲ್ಲಿ ಇದನ್ನೇ ಅಳೆದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಟ್ಟು, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ನೋಡಿದರು. ಈಗ ಬಳಕೆಯಲ್ಲಿರುವ ಲೆಕ್ಕ 2001ರಲ್ಲಿ ಅಮೆರಿಕ ಮತ್ತು ಕೆನಡಾ ತಿದ್ದಿ ಒಪ್ಪಿಕೊಂಡದ್ದು. ಅದು 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗಿನ ಚಳಿಗೆ ಮಾತ್ರ ಹೊಂದುತ್ತದೆ, ನಮ್ಮ ಬೆಳಗುಗಳು ಸಾಮಾನ್ಯವಾಗಿ ಅದಕ್ಕೆ ಸಿಗುವುದಿಲ್ಲ. ಆದರೂ 10 ಡಿಗ್ರಿ ಇರುವ ಒಂದು ಬೆಳಗು ಅಂತ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 20 ಕಿ.ಮೀ. ಗಾಳಿಗೆ ತೆರೆದ ಮುಖಕ್ಕೆ ಅದು ಸುಮಾರು ಏಳೂವರೆ ಡಿಗ್ರಿಯಂತೆ ಅನ್ನಿಸುತ್ತದೆ. 40ಕ್ಕೆ 6. 60ಕ್ಕೆ 5.

ಈ ಅಂಕಿಗಳನ್ನು ಇನ್ನೊಮ್ಮೆ ನೋಡು. ನಷ್ಟದಲ್ಲಿ ಅರ್ಧದಷ್ಟು ಆಗುವುದು ಮೊದಲ 20 ಕಿಲೋಮೀಟರ್ ವೇಗದಲ್ಲೇ. ಅಲ್ಲಿಂದ 60ಕ್ಕೆ ಹೋದರೆ ಇನ್ನೊಂದು ಎರಡೂವರೆ ಡಿಗ್ರಿ, ಅಷ್ಟೇ. ನಿಧಾನವಾಗಿ ಹೋದರೆ ಚಳಿ ತಪ್ಪುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ನಿಧಾನವಾಗಿ ಹೋಗು, ಖಂಡಿತ ಹೋಗು, ಆದರೆ ಬ್ರೇಕಿನ ಸಲುವಾಗಿ ಹೋಗು. ಚಳಿಯ ಸಲುವಾಗಿ ಗಾಳಿಗೆ ಗೋಡೆ ಕಟ್ಟು. ಒಂದು ಸಮಾಧಾನವನ್ನೂ ಹೇಳುತ್ತೇನೆ. ಗಾಳಿ ಎಷ್ಟೇ ಹೊಡೆದರೂ ನಿನ್ನ ಬೆರಳು ಆ ಬೆಳಗಿನ ಉಷ್ಣಾಂಶಕ್ಕಿಂತ ಕೆಳಗೆ ಹೋಗಲಾರದು, ಅಲ್ಲಿಗೆ ಬೇಗ ತಲುಪುತ್ತದೆ ಅಷ್ಟೇ. ಹಿಮಾಲಯದಲ್ಲಿ ಬೆರಳು ಹಿಮಕ್ಕೆ ಸುಟ್ಟು ಕಪ್ಪಾಗುವ ಕಥೆಗಳನ್ನು ಕೇಳಿ ಹೆದರಬೇಡ. ಇಲ್ಲಿ ಅದು ಆಗುವುದಿಲ್ಲ.

ಇನ್ನು ಹೆಬ್ಬಾಳದವರೆಗೆ ಏನೂ ಇಲ್ಲ, ಆಮೇಲೆ ಶುರು ಅಂದೆಯಲ್ಲ. ನಿನ್ನ ಬೆರಳು ಸರಿಯಾಗಿಯೇ ಹೇಳುತ್ತಿದೆ. ಆರ್.ಟಿ. ನಗರದ ಒತ್ತೊತ್ತು ಮನೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯಿಡೀ ಅದನ್ನು ಬೀದಿಗೆ ಬಿಡುತ್ತಿರುತ್ತವೆ. ಗಲ್ಲಿ, ಹಂಪು, ತಿರುವು ಅಂತ ನಿನ್ನ ವೇಗವೂ ಕಡಿಮೆ. ಫ್ಲೈಓವರ್ ಇಳಿದ ಮೇಲೆ ರಸ್ತೆ ಅಗಲ, ಗಾಡಿ ತಾನಾಗಿ ಓಡುತ್ತದೆ. ಪಕ್ಕದಲ್ಲಿ ಕೆರೆ, ಕೃಷಿ ವಿಶ್ವವಿದ್ಯಾಲಯದ ಹೊಲಮರ, ಜಕ್ಕೂರಿನ ಬಯಲು, ಮುಂದೆ ವಾಯುನೆಲೆ, ಹುಣಸಮಾರನಹಳ್ಳಿ, ಚಿಕ್ಕಜಾಲ. ಮೋಡವಿಲ್ಲದ ಜನವರಿ ರಾತ್ರಿ ಬಯಲು ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ.

ಜಕ್ಕೂರು ಬಂದಾಗ ನನಗೆ ಯಾವಾಗಲೂ ಒಂದು ಸಂಗತಿ ನೆನಪಾಗುತ್ತದೆ. 1932ರಲ್ಲಿ ಎಲ್.ಎ. ರಾಮದಾಸ್ ಎಂಬ ನಮ್ಮ ದೇಶದ ಹವಾಮಾನ ವಿಜ್ಞಾನಿ, ಆತ್ಮನಾಥನ್ ಅವರ ಜೊತೆ ಸೇರಿ ಒಂದು ವಿಚಿತ್ರ ಕಂಡರು. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ನೆಲ ಅಂತ ಎಲ್ಲರೂ ತಿಳಿದಿದ್ದರು. ಅವರು ಅಳೆದರೆ ನೆಲಕ್ಕಿಂತ ಗೇಣು, ಎರಡು ಗೇಣು ಮೇಲಿನ ಗಾಳಿ ಇನ್ನೂ ತಣ್ಣಗಿತ್ತು! ಬಹಳ ಕಾಲ ಲೋಕ ಇದನ್ನು ನಂಬಲಿಲ್ಲ. ಅದು ಯಾಕೆ ಹೀಗೆ ಅಂತ ಬಿಡಿಸಲು ದಶಕಗಳ ಕಾಲ ದುಡಿದವರಲ್ಲಿ ರೊದ್ದಂ ನರಸಿಂಹ ಮತ್ತು ಕೆ.ಆರ್. ಶ್ರೀನಿವಾಸ್ ಮುಖ್ಯರು. ಕೆಲಸ ನಡೆದ ಜಾಗಗಳಲ್ಲಿ ಒಂದು, ನೀನು ದಿನಾ ಹಾದುಹೋಗುವ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ವಿಮಾನ ನಿಲ್ದಾಣದ ಮಂಜಿನ ಬಗ್ಗೆಯೂ ಅಲ್ಲಿಯವರು ಕೆಲಸ ಮಾಡಿದ್ದಾರೆ. ಗಾಡಿಗಳು ಓಡಾಡುವ ರಸ್ತೆಯ ಮೇಲೆ ಆ ತಣ್ಣನೆಯ ಪದರ ನಿಲ್ಲುವುದಿಲ್ಲ, ಕಲಕಿಹೋಗುತ್ತದೆ. ಆದರೂ ಕತ್ತಲಲ್ಲಿ ಜಕ್ಕೂರು ದಾಟುವಾಗ, ನಮ್ಮ ಮೊಣಕಾಲಿನ ಮಟ್ಟದ ಚಳಿಯನ್ನು ಇಷ್ಟು ಗೌರವದಿಂದ ನೋಡಿದವರು ಇಲ್ಲೇ ದುಡಿದರು ಅಂತ ನನಗೆ ಒಂಥರ ಧೈರ್ಯ.

ಈಗ ನಿನ್ನ ಮೈಗೆ ಬರೋಣ. ಹೊಸದೇನೂ ಕೊಳ್ಳುವ ಮೊದಲು ಮನೆಯಲ್ಲಿರುವ ಮಳೆಕೋಟು ತೆಗೆ. ಸ್ವೆಟರಿನ ಮೇಲೆ ಅದನ್ನು ಹಾಕಿಕೋ. ಗಾಳಿ ನುಗ್ಗದ ಬಟ್ಟೆ ಹೊರಗೆ, ಗಾಳಿ ಹಿಡಿಯುವ ಬಟ್ಟೆ ಒಳಗೆ, ಇದೊಂದು ಕ್ರಮ ತಪ್ಪಬಾರದು. ಸಾವಿರಾರು ರೂಪಾಯಿಯ ಜಾಕೆಟ್ ಮಾಡುವುದರಲ್ಲಿ ಅರ್ಧ ಕೆಲಸ ಇದೇ. ಜಿಪ್ಪಿನ ಸಂದಿಯಲ್ಲಿ ಗಾಳಿ ಬರುತ್ತದೆ ಅಂತ ನಮ್ಮ ಕಡೆ ಹಲವರು ಜಾಕೆಟನ್ನೇ ಹಿಂದುಮುಂದಾಗಿ ತೊಡುತ್ತಾರೆ, ನೀನೂ ನೋಡಿರುತ್ತೀಯ. ಯೋಚನೆ ಸರಿಯೇ. ನನಗೇನೋ ಜಿಪ್ಪಿನ ಹಿಂದೆ ಪೇಪರ್ ಇಡುವುದೇ ಮೇಲು ಅನ್ನಿಸುತ್ತದೆ, ಬಿದ್ದರೆ ಬೇಗ ಬಿಚ್ಚಬಹುದು.

ಕುತ್ತಿಗೆಯನ್ನು ಮರೆಯಬೇಡ. ಹೆಲ್ಮೆಟ್ಟಿಗೂ ಕಾಲರಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟರೆ ಸಾಕು, ಗಾಳಿ ಅಲ್ಲಿಂದ ಇಳಿದು ಹೊಟ್ಟೆಯವರೆಗೆ ಹೋಗುತ್ತದೆ. ಮಫ್ಲರ್ ಕಟ್ಟು, ಆದರೆ ತುದಿಗಳನ್ನು ಜಾಕೆಟಿನೊಳಗೆ ಪೂರ್ತಿ ತುರುಕು. ಇದನ್ನು ಕಾಲಿಗೆ ಬಿದ್ದು ಹೇಳಬೇಕಾದರೂ ಹೇಳುತ್ತೇನೆ. ಹಾರಾಡುವ ಮಫ್ಲರ್, ಶಾಲು, ಸೆರಗು, ದುಪಟ್ಟ ಚೈನಿಗೋ ಚಕ್ರಕ್ಕೋ ಸಿಕ್ಕರೆ ಕುತ್ತಿಗೆಯನ್ನೇ ಎಳೆಯುತ್ತದೆ. ಹಿಂದೆ ಯಾರಾದರೂ ಶಾಲು ಹೊದ್ದು ಕೂತರೆ ಹೊರಡುವ ಮೊದಲು ಇಳಿದು ನೋಡು. ಹೆಲ್ಮೆಟ್ಟಿನೊಳಗೆ ದಪ್ಪ ಮಂಕಿ ಕ್ಯಾಪ್ ಬೇಡ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಪಕ್ಕದ ಗಾಡಿಯ ಸದ್ದೂ ಕೇಳುವುದಿಲ್ಲ. ತೆಳ್ಳನೆಯ ಬಟ್ಟೆಯದು ಸಾಕು.

ಗ್ಲೌಸ್ ಬಿಗಿಯಾಗಿರಬಾರದು. ಬಿಗಿಯಾದರೆ ರಕ್ತವೇ ಬೆರಳಿಗೆ ಇಳಿಯುವುದಿಲ್ಲ. ಹಾಕಿಕೊಂಡು ಮುಷ್ಟಿ ಕಟ್ಟಿ ಬಿಚ್ಚಿ ನೋಡು, ಬ್ರೇಕು ಕ್ಲಚ್ಚು ಎರಡು ಬೆರಳಲ್ಲಿ ಹಿಡಿದು ನೋಡು. ಮಣಿಕಟ್ಟನ್ನು ದಾಟಿ ತೋಳಿನ ಮೇಲೆ ಬರುವಷ್ಟು ಉದ್ದವಿರಲಿ. ರಕ್ತನಾಳ ಚರ್ಮಕ್ಕೆ ಹತ್ತಿರ ಬರುವ ಜಾಗ ಮಣಿಕಟ್ಟು, ಅಲ್ಲಿ ಗಾಳಿ ಬಡಿದರೆ ಬೆರಳಿಗೆ ಹೋಗುವ ಮೊದಲೇ ರಕ್ತ ತಣ್ಣಗಾಗುತ್ತದೆ. ಬಚ್ಚಲೊಲೆ ಈಗ ನಗರದ ಮನೆಗಳಲ್ಲಿ ಕಾಣುವುದು ಕಡಿಮೆ. ರಾತ್ರಿ ಗ್ಲೌಸನ್ನು ಗಾಡಿಯ ಮೇಲೆ ಬಿಟ್ಟು ಬರಬೇಡ, ದಿಂಬಿನ ಕೆಳಗೆ ಇಟ್ಟುಕೊಂಡು ಮಲಗು. ತಣ್ಣನೆಯ ಗ್ಲೌಸ್ ತೊಟ್ಟರೆ ಮೊದಲ ಹತ್ತು ನಿಮಿಷ ನಿನ್ನ ಕೈಯೇ ಅದನ್ನು ಬಿಸಿ ಮಾಡಬೇಕಾಗುತ್ತದೆ.

ದಾರಿಯಲ್ಲಿ ಬೆರಳು ಮರಗಟ್ಟಿದಂತಾದರೆ ನಿಲ್ಲು. ಕೋಗಿಲು ಕ್ರಾಸ್ ಆಗಲಿ, ಚಿಕ್ಕಜಾಲ ಆಗಲಿ, ಬೆಳಕಿರುವ ಕಡೆ ಪಕ್ಕಕ್ಕೆ ಹಾಕಿ ಕೈ ಕಂಕುಳಿಗೆ ಹಾಕು. ಎಂಜಿನ್ನಿನ ಹತ್ತಿರ ಅಂಗೈ ಹಿಡಿಯಬಹುದು, ಸೈಲೆನ್ಸರ್ ಮುಟ್ಟಬೇಡ. ಮರಗಟ್ಟಿದ ಕೈಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಡ್ಯೂಟಿಗೆ ಐದು ನಿಮಿಷ ತಡವಾದರೆ ನಿನ್ನ ಮೇಲಿನವರು ಏನನ್ನುತ್ತಾರೋ, ಅದಕ್ಕಾಗಿ ಮನೆಯಿಂದಲೇ ಹತ್ತು ನಿಮಿಷ ಮುಂಚೆ ಹೊರಡು. ಇಷ್ಟು ಜನ ಕತ್ತಲಲ್ಲಿ ಆ ರಸ್ತೆಯಲ್ಲಿ ದುಡಿಯಲು ಹೋಗುತ್ತಾರೆ. ಅವರಿಗೆ ನಿಲ್ಲಲು ಒಂದು ಸೂರು, ಕೈ ಕಾಯಿಸಿಕೊಳ್ಳಲು ಒಂದು ಜಾಗ ದಾರಿಯುದ್ದಕ್ಕೂ ಇರಬೇಕಿತ್ತು ಅಂತ ಪ್ರತಿ ಚಳಿಗಾಲದಲ್ಲೂ ನನಗೆ ಸಂಕಟವಾಗುತ್ತದೆ. ಪೇಪರ್ ಹಾಕುವ ಹುಡುಗರು, ಯಶವಂತಪುರ ಮಾರುಕಟ್ಟೆಗೆ ಹೂವು ಸೊಪ್ಪು ತರುವವರು, ಎಲ್ಲರೂ ಒಂದು ತೆಳು ಅಂಗಿಯಲ್ಲಿ.

ಟೀ ಕುಡಿ. ಅದರ ಬಿಸಿ ಹೊಟ್ಟೆಗೆಷ್ಟೋ ಅಷ್ಟೇ ಲೋಟ ಹಿಡಿದ ಕೈಗೂ ಬೇಕು. ಚಳಿಗೆ ಒಂದು ಪೆಗ್ ಒಳ್ಳೆಯದು ಅಂತ ಹೇಳುವವರ ಮಾತು ಕೇಳಬೇಡ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಮುಖ ಬಿಸಿಯಾದಂತೆ ಅನ್ನಿಸಿದರೂ ಒಡಲಿನ ಬಿಸಿ ಹೊರಗೆ ಸೋರಿಹೋಗುತ್ತಿರುತ್ತದೆ. ಗಾಡಿ ಓಡಿಸುವವನಿಗೆ ಅದು ಹೇಗೂ ಸಲ್ಲದು. ಬರಿಹೊಟ್ಟೆಯಲ್ಲೂ ಹೊರಡಬೇಡ, ನಡುಗುವುದಕ್ಕೂ ದೇಹಕ್ಕೆ ಅನ್ನ ಬೇಕು. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಬಿಸಿ ಹುಗ್ಗಿ ತಿನ್ನಿಸುತ್ತಿದ್ದ ಹಿರಿಯರಿಗೆ ಪುಣ್ಯದ ಜೊತೆಗೆ ಇದೂ ಗೊತ್ತಿತ್ತೇನೋ.

ನಮ್ಮೂರಿನ ಚಳಿಗೆ ಎರಡು ಮುಖ. ಜನವರಿಯದು ಒಣ ಚಳಿ, ಬಿಸಿಲು ಬಂದರೆ ಓಡುತ್ತದೆ. ಇನ್ನೊಂದು, ನವೆಂಬರ್ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಬರುವ ಒದ್ದೆ ಚಳಿ. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಮಹಾಬಲಿಪುರದ ಬಳಿ ದಡ ಮುಟ್ಟಿದಾಗ ನಮಗೆ ದಿನಗಟ್ಟಲೆ ಸೂರ್ಯನಿಲ್ಲ, ಸದಾ ಸೋನೆ. ನನಗೆ ಹೆಚ್ಚು ಭಯ ಈ ಎರಡನೆಯದರದು. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ. ಒದ್ದೆ ಕಾಲುಚೀಲ ತೊಟ್ಟರೆ ಬರಿಗಾಲಿಗಿಂತ ಕಡೆ. ಆ ದಿನಗಳಲ್ಲಿ ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇರಲಿ.

ಒದ್ದೆ ಅಂದಾಗ ಅಜ್ಜಿಯ ಕಂಬಳಿ ನೆನಪಾಯಿತು. ಅಮ್ಮನ ತವರು ಚಳ್ಳಕೆರೆ ಸೀಮೆ. ಅಲ್ಲಿಯ ಕುರಿಗಾಹಿಗಳು ಮಳೆಗೂ ಚಳಿಗೂ ಹೊದೆಯುವುದು ಒಂದೇ ಕರಿ ಕಂಬಳಿ. ಕುರಿಯ ತುಪ್ಪಟ ಕತ್ತರಿಸಿ, ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡುತ್ತಾರೆ. ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹಟ್ಟಿಯ ಪಕ್ಕ ಕೂತರೆ ರಾತ್ರಿಯ ಸೋನೆಯನ್ನೂ ತಡೆಯುತ್ತಾರೆ. ಉಣ್ಣೆಯ ಗುಣ ಅದು. ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರದಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ತಾಗಿಸುವುದಿಲ್ಲ. ಹತ್ತಿ ಬಟ್ಟೆ ಹಾಗಲ್ಲ, ಬೆವರಾದರೂ ಸರಿ ಮಳೆಯಾದರೂ ಸರಿ, ಕುಡಿದು ಮೈಗೆ ಅಂಟಿ ಕೂರುತ್ತದೆ.

ಅಜ್ಜಿ ಹೋದ ಮೇಲೆ ಅವಳ ಕಂಬಳಿ ನನಗೆ ಬಂತು. ಅಂಚು ಸವೆದು ಹೊದೆಯಲು ಬಾರದಾಗಿತ್ತು. 2009ರಲ್ಲಿ ನಾನು ಮೊಪೆಡ್ ಬಿಟ್ಟು ಬೈಕ್ ತೆಗೆದುಕೊಂಡ ವರ್ಷ ಅದರಲ್ಲಿ ಒಂದೂವರೆ ಗೇಣು ಅಗಲ, ಎರಡು ಗೇಣು ಉದ್ದದ ತುಂಡು ಕತ್ತರಿಸಿ, ಚುಚ್ಚದ ಹಾಗೆ ಒಳಗಡೆ ಹಳೇ ಸೀರೆಯ ಬಟ್ಟೆ ಕೊಟ್ಟು, ನಾಲ್ಕು ಮೂಲೆಗೆ ಲಾಡಿ ಹೊಲಿದೆ. ಕುತ್ತಿಗೆಗೊಂದು ಗಂಟು, ಬೆನ್ನಿಗೊಂದು ಗಂಟು. ಜಾಕೆಟಿನ ಒಳಗೆ ಎದೆಗೆ ಅದೊಂದಿದ್ದರೆ ನನಗೆ ನಂದಿಬೆಟ್ಟದ ಬೆಳಗೂ ಹಿತ. 1,478 ಮೀಟರ್ ಎತ್ತರ ಅದು, ನಮಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ತಣ್ಣಗೆ. ಪೇಪರ್ ಗಾಳಿ ತಡೆಯುತ್ತದೆ, ಕಂಬಳಿ ಬಿಸಿ ಹಿಡಿಯುತ್ತದೆ. ಎರಡೂ ಇದ್ದರೆ ಇನ್ನೇನು ಬೇಕು.

ಇದರಲ್ಲಿ ಇನ್ನೊಂದು ಅನುಕೂಲವಿದೆ. ನಿನ್ನ ಡ್ಯೂಟಿ ಮುಗಿಯುವುದು ಮಧ್ಯಾಹ್ನ. ಹೋಗುವಾಗ 14 ಡಿಗ್ರಿ ಇದ್ದದ್ದು ಬರುವಾಗ 27 ಆಗಿರುತ್ತದೆ. ಲಡಾಖಿನವರಂತೆ ತೊಟ್ಟು ಹೋದರೆ ವಾಪಸು ಬರುವಾಗ ಬೆಂದುಹೋಗುತ್ತೀಯ, ಆ ನೆನಪಿಗೆ ಮರುದಿನ ಬೆಳಗ್ಗೆ ಏನೂ ತೊಡದೆ ಹೊರಡುತ್ತೀಯ. ನಮ್ಮೂರಿನಲ್ಲಿ ಜನ ಚಳಿಗೆ ಸಿಕ್ಕಿಬೀಳುವುದು ಹೀಗೆ. ಒಂದೊಂದಾಗಿ ಕಳಚಿ ಬ್ಯಾಗಿಗೆ ತುಂಬುವಂಥದ್ದೇ ನಮಗೆ ಸರಿ. ಬೈಲುಕುಪ್ಪೆಯ ಕಡೆಯಿಂದ ಟಿಬೆಟಿನವರು ಚಳಿಗಾಲಕ್ಕೆ ತಂದು ಮಾರುತ್ತಾರಲ್ಲ, ಅಂಥ ತೆಳ್ಳನೆಯ ಎರಡು ಸ್ವೆಟರ್ ಒಂದು ದಪ್ಪದ್ದಕ್ಕಿಂತ ಮೇಲು. ನಡುವೆ ಗಾಳಿಯ ಒಂದು ಪದರ ಹೆಚ್ಚು ಸಿಗುತ್ತದೆ.

ಮಂಜಿನ ದಿನ ಹೆಲ್ಮೆಟ್ಟಿನ ಗಾಜು ಉಸಿರಿಗೆ ಮಸುಕಾಗುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಳಗಡೆ ಸವರಿ ಒಣ ಬಟ್ಟೆಯಿಂದ ಒರೆಸಿಡು, ಓಡುವಾಗ ಗಾಜನ್ನು ಒಂದು ಎಳೆ ಎತ್ತಿಡು. ದೀಪ ಡಿಮ್ಮಿನಲ್ಲಿರಲಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಹೊಡೆದು ನಿನ್ನ ಕಣ್ಣಿಗೇ ಬರುತ್ತದೆ. ದೇವನಹಳ್ಳಿ ಕಡೆ ಏನೂ ಕಾಣದಷ್ಟು ಮಂಜು ಇಳಿದಿದ್ದರೆ ನಿಂತುಬಿಡು. ಅಂಥ ದಿನ ವಿಮಾನವೇ ನಿಲ್ಲುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅನ್ನುತ್ತಾರೆ. ಅಲ್ಲಿಯವರೆಗೆ ಇನ್ನೂ ವಾರಗಳಿವೆ, ಅಷ್ಟು ಬೆಳಗುಗಳೂ ಇವೆ. ಅಜ್ಜಿಯ ಕಂಬಳಿಯಲ್ಲಿ ಇನ್ನೊಂದು ಎದೆಗಾಗುವಷ್ಟು ತುಂಡು ಉಳಿದಿದೆ. ಭಾನುವಾರ ನಿನಗೆ ರಜೆಯಲ್ಲವೇ, ಹತ್ತರ ಹೊತ್ತಿಗೆ ಬಾ, ಬಿಸಿಲಲ್ಲೇ ಬಾ. ಸೊಗಡಿನ ಅವರೆಕಾಯಿ ಬಂದಿದೆ, ಉಪ್ಪಿಟ್ಟು ಮಾಡಿರುತ್ತೇನೆ. ಗ್ಲೌಸ್ ತೆಗೆದುಕೊಂಡು ಬರುವುದನ್ನು ಮರೆಯಬೇಡ, ಬಿಗಿಯಿದೆಯಾ ನೋಡಬೇಕು. ಲಾಡಿಯ ಅಳತೆಗೆ ನಿನ್ನ ಬೆನ್ನೂ ಬೇಕು.

ನಿನ್ನ ಅಕ್ಕ